ಹಟ್ಟಿ ತುಂಬ ದನ, ನನಗೆ ಸೋಯಾ

ನಮ್ಮ ಮನೆ ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಸ್ವಲ್ಪ ಒಳಗೆ. ಕೆಳಗೆ ಅಡಿಕೆ ತೋಟ, ಮೇಲೆ ಮನೆ, ಮನೆಗೆ ತಾಗಿ ಹಟ್ಟಿ. ಹಟ್ಟಿಯಲ್ಲಿ ಮೂರು ಕಾಸರಗೋಡು ಗಿಡ್ಡ ದನಗಳು. ನಿಂತರೆ ನನ್ನ ಸೊಂಟದಷ್ಟು ಎತ್ತರ. ಕೊಡುವ ಹಾಲು ಕಡಿಮೆ, ಆದರೆ ಆ ಹಾಲಿನ ಮೇಲೆ ಅತ್ತೆಗಿರುವ ನಂಬಿಕೆ ಯಾವ ಡಾಕ್ಟರ ಮೇಲೂ ಇಲ್ಲ. ಅಂಥ ಮನೆಯ ಬಸುರಿ ಸೊಸೆಗೆ ಹಾಲಿನ ವಾಸನೆ ಬಂದರೇ ವಾಂತಿ!

ಮೂರನೇ ತಿಂಗಳಲ್ಲಿ ಶುರುವಾದದ್ದು. ಒಲೆಯ ಮೇಲೆ ಹಾಲು ಬಿಸಿಯಾಗುವ ಹೊತ್ತಿಗೆ ನಾನು ಅಂಗಳದಲ್ಲಿ. ಮಧ್ಯಾಹ್ನದ ಮಜ್ಜಿಗೆ, ಒಂದೆಲಗದ ತಂಬುಳಿ ಎಲ್ಲ ಸಲೀಸಾಗಿ ಇಳಿಯುತ್ತಿತ್ತು. ಕಾಯಿಸಿದ ಹಾಲು ಮಾತ್ರ ಆಗದು. ಅತ್ತೆಗೆ ಬೇಜಾರು. "ಹಾಲು ಕುಡಿಯದಿದ್ದರೆ ಮಗುವಿನ ಎಲುಬಿಗೆ ಎಂತ ಸಿಗ್ತದೆ?" ಅಂತ ದಿನಕ್ಕೆ ಎರಡು ಸಲ ಕೇಳುತ್ತಿದ್ದರು. ಪ್ರಶ್ನೆ ತಪ್ಪಲ್ಲ, ಅಲ್ವಾ? ಬಸುರಿಗೆ ದಿನಕ್ಕೆ 1000 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು ಅಂತ ನಾನೂ ಓದಿದ್ದೆ.

ಇವರು ಮಂಗಳೂರಿಗೆ ಹೋದವರು ಸೋಯಾ ಹಾಲಿನ ನಾಲ್ಕು ಪ್ಯಾಕೆಟ್ ತಂದರು. ಪ್ಯಾಕೆಟಿನ ಮೇಲೆ ಹಾಲು ಅಂತ ಎಲ್ಲೂ ಬರೆದಿರಲಿಲ್ಲ, 'ಸೋಯಾ ಡ್ರಿಂಕ್' ಅಂತಿತ್ತು. ಪ್ರಾಣಿಗಳಿಂದ ಬರದ್ದಕ್ಕೆ ಹಾಲು ಅನ್ನಬಾರದು ಅಂತ ನಮ್ಮಲ್ಲಿ ಕಾನೂನು, ತೆಂಗಿನ ಹಾಲಿನಂಥ ಕೆಲವಕ್ಕೆ ಮಾತ್ರ ರಿಯಾಯ್ತಿ. ಅತ್ತೆಗೆ ಇದನ್ನು ಹೇಳಬಾರದಿತ್ತು. "ನೋಡು, ಸರ್ಕಾರವೇ ಹೇಳ್ತದೆ ಅದು ಹಾಲಲ್ಲ ಅಂತ!" ಆಮೇಲೆ ನಾದಿನಿ ನನ್ನ ಸಹಾಯಕ್ಕೆ ಬಂದಳು. ಅವಳ ಮಗನಿಗೆ ಅಂಗನವಾಡಿಯಿಂದ ಕುಟುಂಬಶ್ರೀ ಮಹಿಳಾ ಸಂಘದವರ ಅಮೃತಂ ಪುಡಿ ಬರುತ್ತದೆ. ಗೋಧಿ, ಕಡಲೆ, ನೆಲಗಡಲೆ, ಸಕ್ಕರೆಯ ಜೊತೆ ಅದರಲ್ಲಿ ಸೋಯಾ ಕೂಡ ಇದೆ. ಅತ್ತೆ ಮೊಮ್ಮಗನಿಗೆ ಅದನ್ನು ಬೆಲ್ಲ ಹಾಕಿ ಕುದಿಸಿ ತಿನ್ನಿಸಿದವರೇ. ಒಂದು ವಾರ ಮಾತಿಲ್ಲ.

ಪ್ಯಾಕೆಟ್ ಹಾಲು ದುಬಾರಿ. ಮನೆಯಲ್ಲೇ ಮಾಡುವ ಅಂತ ಹೊರಟೆ. ರಾತ್ರಿ ಸೋಯಾ ಕಾಳು ನೆನೆಸಿ, ಬೆಳಿಗ್ಗೆ ಸಿಪ್ಪೆ ತೆಗೆದು ರುಬ್ಬಿದೆ. ತಣ್ಣೀರು ಹಾಕಿ ರುಬ್ಬಿದ್ದೇ ತಪ್ಪು, ಮನೆಯೆಲ್ಲ ಹಸಿ ಕಾಳಿನ ವಾಸನೆ. ಬಿಸಿನೀರಲ್ಲಿ ರುಬ್ಬಿದರೆ ಅದು ಕಡಿಮೆ ಆಗುತ್ತದೆ ಅಂತ ಎರಡನೇ ಸಲ ಗೊತ್ತಾಯಿತು. ಇನ್ನೊಂದು ಮೋಸ ಇದೆ. ಸೋಯಾ ಹಾಲು ಬೇಯುವ ಮೊದಲೇ ನೊರೆ ಎದ್ದು ಉಕ್ಕುತ್ತದೆ. ಕುದಿ ಬಂತು ಅಂತ ಒಲೆ ಆರಿಸಿದರೆ ಕೆಟ್ಟಿತು. ಹಸಿ ಸೋಯಾದಲ್ಲಿ ಪ್ರೋಟೀನ್ ಜೀರ್ಣ ಆಗದಂತೆ ತಡೆಯುವ ಅಂಶ ಇರುತ್ತದೆ, ಹಾಗಾಗಿ ಸಣ್ಣ ಉರಿಯಲ್ಲಿ ಕೈಯಾಡಿಸುತ್ತಾ ಕಾಲು ಗಂಟೆಯಾದರೂ ಕುದಿಸಲೇಬೇಕು. ಮೊದಲ ದಿನ ಒಲೆಯನ್ನೆಲ್ಲ ಒರೆಸಿದ್ದು ಅತ್ತೆ. ಬೈಯಲಿಲ್ಲ. ಬೈದಿದ್ದರೆ ವಾಸಿ ಇತ್ತು.

ಅಂತೂ ಕೈ ಕೂಡಿತು. ಬೆಳಿಗ್ಗೆ ಎದ್ದ ಕೂಡಲೇ ಒಂದು ಲೋಟ ಸೋಯಾ ಹಾಲು, ಅದರ ಜೊತೆಗೇ ಥೈರಾಯ್ಡ್ ಮಾತ್ರೆ. ಎರಡು ವರ್ಷದಿಂದ ತೆಗೆದುಕೊಳ್ಳುವ ಮಾತ್ರೆ ಅದು, ಮೊದಲು ನೀರಲ್ಲಿ ನುಂಗುತ್ತಿದ್ದೆ. ಬರೀ ನೀರು ಕುಡಿದರೆ ಹೊಟ್ಟೆ ತೊಳಸುತ್ತದೆ ಅಂತ ಸೋಯಾಕ್ಕೆ ಬದಲಾಯಿಸಿದ್ದೆ. ಮಹಾ ಬುದ್ಧಿವಂತಿಕೆ ಮಾಡಿದೆ ಅಂತ ನನ್ನ ಲೆಕ್ಕ.

ಐದನೇ ತಿಂಗಳ ಸ್ಕ್ಯಾನಿಗೆ ಕಾಸರಗೋಡಿಗೆ ಹೋದೆವು. ಅತ್ತೆಯೂ ಬಂದರು, ಬೇಕಂತಲೇ. ಡಾಕ್ಟರಮ್ಮ ಮಲಯಾಳದವರು, ಕನ್ನಡ ಅರ್ಧ ಬರುತ್ತದೆ. ಅತ್ತೆ ಕೂತವರೇ ದೂರು ಶುರು ಮಾಡಿದರು: ಇವಳು ಹಾಲು ಮುಟ್ಟುವುದಿಲ್ಲ, ಸೋಯಾ ಕುಡಿಯುತ್ತಾಳೆ. ಡಾಕ್ಟರಮ್ಮ ತಲೆ ಎತ್ತದೆ, "ಮಜ್ಜಿಗೆ ಹೋಗ್ತದಾ?" ಅಂದರು. ಹೋಗ್ತದೆ ಅಂದೆ. "ರಾಗಿ, ಹರಿವೆ, ನುಗ್ಗೆಸೊಪ್ಪು? ಮತ್ತೆ ಕುಳಪ್ಪಮಿಲ್ಲ." ಅಂದರೆ ತೊಂದರೆ ಇಲ್ಲ ಅಂತ. ಸೋಯಾ ದಿನಕ್ಕೆ ಒಂದೆರಡು ಲೋಟ ಆಗಬಹುದು, ಪ್ರೋಟೀನ್ ಚೆನ್ನಾಗಿಯೇ ಇದೆ ಅಂದರು. ಆದರೆ ಮನೆಯಲ್ಲಿ ಮಾಡಿದ್ದರಲ್ಲಿ ಕ್ಯಾಲ್ಸಿಯಂ ದನದ ಹಾಲಿನಷ್ಟು ಇರುವುದಿಲ್ಲವಂತೆ. ಪ್ಯಾಕೆಟಿನದ್ದಕ್ಕೆ ಬೇರೆ ಸೇರಿಸಿರುತ್ತಾರೆ, ಅದೂ ತಳದಲ್ಲಿ ಕೂರುತ್ತದೆ, ಕುಲುಕಿ ಕುಡಿಯಬೇಕು. ನಾನು ಒಂದು ಸಲವೂ ಕುಲುಕಿರಲಿಲ್ಲ. ತೆಂಗಿನ ಹಾಲು ಆಗ್ತದಾ ಅಂತ ಅತ್ತೆ ನಡುವೆ ಬಾಯಿ ಹಾಕಿದರು. ರುಚಿಗೆ ಆಗಬಹುದು, ಅದರಲ್ಲಿ ಕ್ಯಾಲ್ಸಿಯಂ ಇಲ್ಲ ಅನ್ನುವಷ್ಟು ಕಡಿಮೆ ಅಂದರು.

ಆಮೇಲೆ ರಕ್ತಪರೀಕ್ಷೆಯ ಕಾಗದ ನೋಡಿ ಸುಮ್ಮನಾದರು. ಶುರುವಿನಲ್ಲಿ ಎರಡೂವರೆ ಇದ್ದ ಟಿಎಸ್‌ಎಚ್ ಈಗ ಐದು ದಾಟಿತ್ತು. ಥೈರಾಯ್ಡ್ ಹಾರ್ಮೋನು ಸಾಲದಿದ್ದರೆ ಏರುವ ಲೆಕ್ಕ ಅದು. "ಮಾತ್ರೆ ಬಿಟ್ಟಿದ್ದೀಯಾ?" ಇಲ್ಲ ಅಂದೆ. "ಯಾವಾಗ ತಗೊಳ್ತೀ? ಯಾವುದರ ಜೊತೆ?"

ಹೇಳಿದೆ. ಅವರು ಪೆನ್ನು ಕೆಳಗಿಟ್ಟರು.

ಸೋಯಾ ಆ ಮಾತ್ರೆಯನ್ನು ಹೊಟ್ಟೆ ಸರಿಯಾಗಿ ಹೀರದಂತೆ ಮಾಡುತ್ತದಂತೆ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳೂ ಹಾಗೆಯೇ. ಬಸುರಿಯಲ್ಲಿ ಥೈರಾಯ್ಡ್ ಮಾತ್ರೆ ಹೇಗೂ ಜಾಸ್ತಿ ಬೇಕಾಗುತ್ತದೆ, ಎಲ್ಲ ತಪ್ಪನ್ನು ಸೋಯಾದ ಮೇಲೆ ಹಾಕಬೇಡ ಅಂದರು. ಮಗುವಿನ ಮಿದುಳಿನ ಬೆಳವಣಿಗೆಗೆ ಆ ಹಾರ್ಮೋನು ಬೇಕು ಅಂದಾಗ ನನ್ನ ಕೈ ತಣ್ಣಗಾಯಿತು. ಎರಡು ತಿಂಗಳಿಂದ ಮನೆಯಲ್ಲಿ ಸೋಯಾ ಒಳ್ಳೆಯದಾ ಕೆಟ್ಟದ್ದಾ ಅಂತ ಜಗಳ. ಯಾವ ಹೊತ್ತಿಗೆ ಕುಡಿಯುತ್ತೀ ಅಂತ ಯಾರೂ ಕೇಳಿರಲಿಲ್ಲ, ನಾನೂ ಯೋಚಿಸಿರಲಿಲ್ಲ. ಮಾತ್ರೆಯ ಡೋಸ್ ಸ್ವಲ್ಪ ಏರಿಸಿ, ನಾಲ್ಕು ವಾರ ಬಿಟ್ಟು ಮತ್ತೆ ರಕ್ತ ಕೊಡಲು ಹೇಳಿದರು.

ಬಸ್ಸಿನಲ್ಲಿ ಅತ್ತೆ ಒಂದೂ ಮಾತಾಡಲಿಲ್ಲ. ಗೆದ್ದ ಮುಖ ಕಾಣುತ್ತದೆ ಅಂತ ನಾನು ಕಾಯುತ್ತಿದ್ದೆ. ಮನೆಗೆ ಬಂದು ಕ್ಯಾಲೆಂಡರಿನ ಹಿಂದುಗಡೆ ಬರೆಯಲು ಕೂತರು. ಬೆಳಿಗ್ಗೆ 6ಕ್ಕೆ ಥೈರಾಯ್ಡ್, ಬರೀ ನೀರಲ್ಲಿ. 7ರ ಮೇಲೆ ತಿಂಡಿ. 11ಕ್ಕೆ ಕಬ್ಬಿಣದ ಮಾತ್ರೆ, ನಿಂಬೆ ಶರಬತ್ತಿನ ಜೊತೆ. ಊಟ ಆದ ಮೇಲೆ ಕ್ಯಾಲ್ಸಿಯಂ. ಸಂಜೆ 4ಕ್ಕೆ ಅಂತ ಬರೆದು ಸ್ವಲ್ಪ ನಿಂತರು. ಆಮೇಲೆ 'ಸೋಯಾ ಹಾಲು' ಅಂತ ಬರೆದರು. ಹಾಲು ಅಂತಲೇ!

ನಾಲ್ಕು ವಾರದ ನಂತರದ ಪರೀಕ್ಷೆಯಲ್ಲಿ ಟಿಎಸ್‌ಎಚ್ ಇಳಿದಿತ್ತು. ಅಷ್ಟರಲ್ಲಿ ಸೋಯಾ ಕುದಿಸುವ ಕೆಲಸ ಅತ್ತೆಯದೇ ಆಗಿತ್ತು, ನನಗಿಂತ ಅವರ ಕೈ ಹದ. ಹಿಂಡಿ ಉಳಿದ ಚರಟವನ್ನು ಸುಮ್ನೆ ಬಿಸಾಡುವುದು ಯಾಕೆ ಅಂತ ಬೇಯಿಸಿ ಹಟ್ಟಿಯ ದನ ಗೌರಿಯ ಅಕ್ಕಚ್ಚಿಗೆ ಹಾಕತೊಡಗಿದರು. ಗೌರಿ ಬಾಲ್ದಿ ನೆಕ್ಕಿ ಖಾಲಿ ಮಾಡುತ್ತಿದ್ದಳು. ಒಂದು ಮಧ್ಯಾಹ್ನ ನನ್ನ ಬಟ್ಟಲಿಗೆ ಮಜ್ಜಿಗೆ ಬಡಿಸುತ್ತಾ ಅತ್ತೆ ಹೇಳಿದರು, "ಕುಡಿ, ಈಗ ಇದರಲ್ಲೂ ನಿನ್ನ ಸೋಯಾವೇ ಉಂಟು."