ಈ ಕಾರ್ಡಿನಲ್ಲಿ ಇವನು ಮಾಡಿದ್ದು ಯಾವುದು?

ಕೆಲಸಕ್ಕೆ ಸೇರಿದ ಮೊದಲ ವರ್ಷದ ಮಾತು. ಹಬ್ಬದ ರಜೆಗೆ ಮುಂಚೆ ಮಕ್ಕಳ ಕೈಲಿ ಶುಭಾಶಯದ ಕಾರ್ಡ್ ಮಾಡಿಸಿದ್ದೆ. ಮಾಡಿಸಿದ್ದೆ ಅಂತ ಹೇಳಿದರೆ ಸುಳ್ಳಾಗುತ್ತದೆ. ನಕ್ಷತ್ರ ಕತ್ತರಿಸಿದವಳು ನಾನು, ಅಂಟಿಸಿದವಳು ನಾನು, ಮಗುವಿನ ಕೈ ಹಿಡಿದು ಹೆಸರು ಬರೆಸಿದವಳೂ ನಾನೇ. ಏಳು ವರ್ಷದ ಒಬ್ಬ ಹುಡುಗನ ಅಮ್ಮ ಆ ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. "ತುಂಬಾ ಚೆನ್ನಾಗಿದೆ ಮೇಡಂ. ಇದರಲ್ಲಿ ಇವನು ಮಾಡಿದ್ದು ಯಾವುದು?" ಅಂತ ಕೇಳಿದರು. ಅದು ಕೊಂಕು ಮಾತಾಗಿರಲಿಲ್ಲ. ಮಗನ ಕೈ ಆಡಿದ ಜಾಗವನ್ನು ಮುಟ್ಟಿ ನೋಡುವ ಆಸೆ ಆ ತಾಯಿಗೆ. ತೋರಿಸಲು ನನ್ನ ಹತ್ತಿರ ಏನೂ ಇರಲಿಲ್ಲ.

ನಾನು ಆಕ್ಯುಪೇಷನಲ್ ಥೆರಪಿಸ್ಟ್. ಗುಂಡಿ ಹಾಕುವುದು, ಪೆನ್ಸಿಲ್ ಹಿಡಿಯುವುದು, ಡಬ್ಬಿಯ ಮುಚ್ಚಳ ತೆಗೆಯುವುದು, ಇಂಥ ಕೆಲಸಗಳಿಗೆ ಮಕ್ಕಳ ಬೆರಳುಗಳನ್ನು ಪಳಗಿಸುವುದು ನನ್ನ ವೃತ್ತಿ. ಹಾಗಿದ್ದೂ ಹಬ್ಬ ಅಂದ ಕೂಡಲೇ ಚಂದದ ಹಿಂದೆ ಹೋಗಿಬಿಟ್ಟಿದ್ದೆ.

ಆಮೇಲೆ ಕೂತು ಯೋಚಿಸಿದೆ. ಸಾಮಾನ್ಯವಾಗಿ 2–3 ವರ್ಷಕ್ಕೆ ಮಕ್ಕಳು ಕಾಗದದ ಅಂಚನ್ನು ಚಿಕ್ಕದಾಗಿ ಕತ್ತರಿಸಲು ಶುರು ಮಾಡುತ್ತಾರೆ. 4ರ ಹೊತ್ತಿಗೆ ನೇರ ಗೆರೆ ಬರುತ್ತದೆ. ವೃತ್ತ, ಚೌಕ ಬರುವುದು 5–6ಕ್ಕೆ. ಒಳಕ್ಕೂ ಹೊರಕ್ಕೂ ಮೂಲೆಗಳಿರುವ ನಕ್ಷತ್ರ ಅದಕ್ಕಿಂತ ಕಷ್ಟ. ಈ ಹುಡುಗನ ವಯಸ್ಸು ಏಳು, ಆದರೆ ಕೈ ಇನ್ನೂ ಮೊದಲ ಮೆಟ್ಟಿಲಲ್ಲಿತ್ತು. ನಾನು ವಯಸ್ಸು ನೋಡಿ ಕೆಲಸ ಕೊಟ್ಟಿದ್ದೆ.

ಮುಂದಿನ ವರ್ಷ ಅವನಿಗೆ ಕಾಗದದ ಸರಪಳಿ ಆರಿಸಿದೆ. ಸ್ವಲ್ಪ ದಪ್ಪನೆಯ ಕಾಗದ ತಗೊಂಡೆ. ತೆಳು ಕಾಗದ ಸುಲಭ ಅಂತ ನಮಗನಿಸುತ್ತದೆ, ಆದರೆ ಅದು ಕತ್ತರಿಯ ನಡುವೆ ಮಡಚಿಕೊಂಡು ಮಗುವನ್ನು ಸತಾಯಿಸುತ್ತದೆ. ಎರಡು ಸೆಂಟಿಮೀಟರ್ ಅಗಲದ ಉದ್ದನೆಯ ಪಟ್ಟಿ ಮಾಡಿ, ಅಡ್ಡಕ್ಕೆ ದಪ್ಪ ಗೆರೆ ಎಳೆದೆ. ಕತ್ತರಿ ಒಂದು ಸಲ ಮುಚ್ಚಿದರೆ ಸಾಕು, ತುಂಡು ಬೀಳಬೇಕು. ಕೊಟ್ಟಿದ್ದು ತಾನಾಗಿಯೇ ತೆರೆದುಕೊಳ್ಳುವ ಸ್ಪ್ರಿಂಗ್ ಕತ್ತರಿ. ಅವನು ಎಡಗೈ ಹುಡುಗ, ಹಾಗಾಗಿ ಎಡಗೈಯವರಿಗಾಗಿ ಮಾಡಿದ್ದೇ ಬೇಕಾಯಿತು. ಇದನ್ನು ಎಷ್ಟೋ ಕಡೆ ಮರೆತುಬಿಡುತ್ತಾರೆ. ಹೆಬ್ಬೆರಳ ಉಗುರು ಮೇಲೆ ಕಾಣಲಿ ಅಂತ ಅದರ ಮೇಲೊಂದು ಸ್ಟಿಕ್ಕರ್ ಅಂಟಿಸಿ, "ಸ್ಟಿಕ್ಕರ್ ನಿನ್ನನ್ನೇ ನೋಡ್ತಾ ಇರಬೇಕು" ಅಂದೆ. ಮಣಿಕಟ್ಟು ತಾನೇ ಸರಿಯಾಯಿತು.

ಮೊದಲ ತುಂಡು ಮೇಜಿನ ಮೇಲೆ ಬಿದ್ದಾಗ ಅವನು ಕತ್ತರಿ ಕೆಳಗಿಟ್ಟು ಅದನ್ನು ಎತ್ತಿಕೊಂಡು ಬೆಳಕಿಗೆ ಹಿಡಿದ. ಆಮೇಲೆ ಒಂದೇ ಉಸಿರಲ್ಲಿ ಐದು ಕತ್ತರಿಸಿದ.

ಪಟ್ಟಿಯನ್ನು ಬಳೆಯ ಹಾಗೆ ಸುತ್ತಿ ಅಂಟಿಸುವುದು ನಿಜಕ್ಕೂ ಎರಡು ಕೈಯ ಕೆಲಸ. ಅಂಟು ಒಣಗುವವರೆಗೆ ಹಿಡಿದಿಡುವಷ್ಟು ಶಕ್ತಿ ಅವನ ಬೆರಳಲ್ಲಿ ಇರಲಿಲ್ಲ. ಅದಕ್ಕೆ ಬಟ್ಟೆ ಒಣಹಾಕುವ ಕ್ಲಿಪ್ ಕೊಟ್ಟೆ. ಕ್ಲಿಪ್ ಒತ್ತಿ ತೆರೆಯುವಾಗ ಹೆಬ್ಬೆರಳು, ತೋರುಬೆರಳಿಗೆ ಒಳ್ಳೆ ಕಸರತ್ತು. ಪೆನ್ಸಿಲ್ ಹಿಡಿಯಲು ಬೇಕಾದ ಬೆರಳುಗಳೂ ಅವೇ ಅಲ್ವಾ? ಅಲಂಕಾರಕ್ಕೆ ಕ್ಲಿಪ್ ಬೇಕಿಲ್ಲ, ಕೈಗೆ ಬೇಕು. ಕ್ರಾಫ್ಟ್ ಆರಿಸುವಾಗ ನಾನು ಈಗ ಮೊದಲು ನೋಡುವುದು ಇದನ್ನೇ.

ಪ್ರತಿ ಮಗುವಿಗೂ ಲೆಕ್ಕ ಬೇರೆ. ಸೆರೆಬ್ರಲ್ ಪಾಲ್ಸಿಯಿಂದ (ಮೆದುಳಿಗೆ ಆದ ಹಾನಿಯಿಂದ ಕೈಕಾಲಿನ ಚಲನೆ ಕಷ್ಟವಾಗುವ ಸ್ಥಿತಿ) ಒಂದು ಬದಿ ಬಿಗಿಯಾಗಿದ್ದ ಒಬ್ಬಳಿಗೆ ಒಂದು ಕೈ ಮಾತ್ರ ಚುರುಕು. ಎಲ್ಲವನ್ನೂ ಆ ಕೈಗೇ ಕೊಟ್ಟರೆ ಕೆಲಸ ಬೇಗ ಮುಗಿಯುತ್ತದೆ, ಇನ್ನೊಂದು ಕೈ ಸುಮ್ನೆ ಮಡಿಲಲ್ಲಿ ಕೂತಿರುತ್ತದೆ. ಅವಳ ಆ ಬಿಗಿಯಾದ ಕೈಗೆ ಕಾಗದವನ್ನು ಒತ್ತಿ ಹಿಡಿಯುವ ಕೆಲಸ ಕೊಟ್ಟೆವು. ಆಟಿಸಂ ಇರುವ ಒಬ್ಬ ಹುಡುಗನಿಗೆ ಬೆರಳಿಗೆ ಅಂಟು ತಾಗಿದರೆ ಸಹಿಸಲು ಆಗುತ್ತಿರಲಿಲ್ಲ. ಅವನಿಗೆ ಗ್ಲೂ ಸ್ಟಿಕ್ ಕೊಟ್ಟು, ಪಕ್ಕದಲ್ಲಿ ಒದ್ದೆ ಬಟ್ಟೆ ಇಟ್ಟೆ. ಬೇಕೆಂದಾಗ ಒರೆಸಿಕೊಳ್ಳಬಹುದು ಅಂತ ಗೊತ್ತಾದ ಮೇಲೆ ಅವನು ಎದ್ದು ಓಡಲಿಲ್ಲ. ಇಂಥ ಮಗುವಿನ ಕೈಯನ್ನು ಬಲವಂತವಾಗಿ ಅಂಟಿಗೆ ಅದ್ದುವುದು ತಪ್ಪು. ಇದರಲ್ಲಿ ನನಗೆ ಎರಡು ಮಾತಿಲ್ಲ.

ಡೌನ್ ಸಿಂಡ್ರೋಮ್ ಇರುವ ಮಕ್ಕಳ ಸ್ನಾಯುಗಳು ಸಾಮಾನ್ಯವಾಗಿ ಸಡಿಲ, ಕೀಲುಗಳೂ ಸಡಿಲ. ಮೆತ್ತನೆಯ ದಾರಕ್ಕೆ ಮಣಿ ಪೋಣಿಸುವುದು ಅವರಲ್ಲಿ ಎಷ್ಟೋ ಮಕ್ಕಳಿಗೆ ಕಷ್ಟ. ಮೊದಲು ಗಟ್ಟಿಯಾಗಿ ನಿಲ್ಲುವ ಪೈಪ್ ಕ್ಲೀನರ್ (ಮೆತ್ತನೆಯ ನೂಲು ಸುತ್ತಿದ ತಂತಿ), ಆಮೇಲೆ ತುದಿಗೆ ಟೇಪ್ ಸುತ್ತಿದ ದಾರ, ಕೊನೆಗೆ ಬರೀ ದಾರ. ವಸ್ತುಗಳನ್ನು ಬಾಯಿಗೆ ಹಾಕಿಕೊಳ್ಳುವ ಮಗು ಗುಂಪಿನಲ್ಲಿದ್ದರೆ ಸಣ್ಣ ಮಣಿ ಮೇಜಿನ ಮೇಲೆ ಬರಲೇಬಾರದು. ಸ್ಟಿಕ್ಕರ್ ಬಿಡಿಸಲು ಆಗದಿದ್ದರೆ ಸುತ್ತಲಿನ ಬಿಳಿ ಭಾಗವನ್ನು ಮೊದಲೇ ಕಿತ್ತುಬಿಡಿ. ಅಂಚು ಬೆರಳಿಗೆ ಸಿಗುತ್ತದೆ.

ಇನ್ನೊಂದು ವಿಷಯ, ಕುರ್ಚಿ. ಕಾಲು ಗಾಳಿಯಲ್ಲಿ ತೂಗಾಡುತ್ತಿದ್ದರೆ ಮಗುವಿನ ಶಕ್ತಿಯೆಲ್ಲ ಬೀಳದೆ ಕೂರುವುದಕ್ಕೇ ಹೋಗುತ್ತದೆ. ಪಾದದ ಕೆಳಗೆ ಒಂದು ಗಟ್ಟಿ ಪೆಟ್ಟಿಗೆ ಇಡಿ, ಮೇಜು ಮೊಣಕೈ ಮಟ್ಟಕ್ಕಿರಲಿ. ಬಣ್ಣ ಹಚ್ಚುವ ಕೆಲಸವಾದರೆ ಕಾಗದವನ್ನು ಗೋಡೆಗೆ, ಕಣ್ಣಿನ ಎತ್ತರಕ್ಕೆ ಅಂಟಿಸಿ. ಮಣಿಕಟ್ಟು ಹಿಂದಕ್ಕೆ ಬಾಗಿ ಬೆರಳುಗಳು ಚೆನ್ನಾಗಿ ಆಡುತ್ತವೆ. ಕ್ರೇಯಾನ್ ಮುರಿದು ತುಂಡು ಮಾಡಿಕೊಡಿ. ಮುಷ್ಟಿಯಲ್ಲಿ ಹಿಡಿಯಲು ಜಾಗವೇ ಇರುವುದಿಲ್ಲ.

ಈಗಲೂ ಸಹಾಯ ಮಾಡುತ್ತೇನೆ. ಆದರೆ ಬೆರಳು ಹಿಡಿಯುವುದಿಲ್ಲ, ಮೊಣಕೈಗೆ ಆಸರೆ ಕೊಡುತ್ತೇನೆ. ಹತ್ತು ಹಂತದ ಕೆಲಸ ಇಡೀ ಬರದಿದ್ದರೆ ಒಂಬತ್ತು ನಾನು ಮಾಡಿ ಹತ್ತನೆಯದನ್ನು ಮಗುವಿಗೆ ಬಿಡುತ್ತೇನೆ. ಅದು ಬಂದ ಮೇಲೆ ಒಂಬತ್ತನೆಯದು. ಮುಗಿಸಿದ ಖುಷಿ ಯಾವಾಗಲೂ ಮಗುವಿಗೇ ಸಿಗುತ್ತದೆ.

ರಜೆಗೆ ಮನೆಗೆ ಹೋಗುವಾಗ ಪ್ರತಿ ಮಗುವಿನ ಕೈಲಿ ಒಂದು ಚೀಲ ಕೊಟ್ಟು ಕಳಿಸುತ್ತೇನೆ. ಗೆರೆ ಎಳೆದ ಪಟ್ಟಿ, ಗ್ಲೂ ಸ್ಟಿಕ್, ಆರು ಕ್ಲಿಪ್. ದಿನಕ್ಕೆ ಹತ್ತು ನಿಮಿಷ ಸಾಕು, ಬೇಜಾರಾಗುವ ಮುಂಚೆ ನಿಲ್ಲಿಸಿ ಅಂತ ಅಪ್ಪ ಅಮ್ಮನಿಗೆ ಹೇಳುತ್ತೇನೆ. ಅಂಟು ಗಡ್ಡೆಗಟ್ಟಿದ್ದರೂ ಕೆರೆಯಬೇಡಿ, ಸೊಟ್ಟ ಅಂಚನ್ನು ಸರಿಮಾಡಬೇಡಿ ಅಂತಲೂ ಹೇಳುತ್ತೇನೆ. ರಜೆ ಮುಗಿದ ಮೇಲೆ ಕೆಲವು ಚೀಲದಿಂದ ಉದ್ದನೆಯ ಸರಪಳಿ ಬರುತ್ತದೆ, ಕೆಲವದರಿಂದ ಮೂರೇ ಕೊಂಡಿ. ಮೂರನ್ನೂ ಹಾಗೇ ಗೋಡೆಗೆ ಹಾಕುತ್ತೇನೆ. ನಾಲ್ಕನೆಯದನ್ನು ನಾನು ಸೇರಿಸುವುದಿಲ್ಲ.