ಅಶೋಕನ ಅಕ್ಷರ ಹುಡುಕಿಕೊಂಡು: ಸಿದ್ದಾಪುರದಿಂದ ಸನ್ನತಿವರೆಗೆ ನಾಲ್ಕು ದಿನ

ಅಶೋಕನ ಶಾಸನ ನೋಡೋಕೆ ಹೊರಡುವವರಿಗೆ ಮೊದಲೇ ಹೇಳಿಬಿಡ್ತೀನಿ. ಫೋನಿನ ನಕ್ಷೆಯಲ್ಲಿ ಬರೀ ‘ಬ್ರಹ್ಮಗಿರಿ’ ಅಂತ ಹಾಕಬೇಡಿ, ಕೊಡಗಿನ ದಾರಿ ತೋರಿಸುತ್ತೆ. ಬರೀ ‘ಸಿದ್ದಾಪುರ’ ಅಂತಲೂ ಬೇಡ. ಉತ್ತರ ಕನ್ನಡದಲ್ಲೊಂದು, ಕೊಡಗಿನಲ್ಲೊಂದು, ಕಾರಟಗಿ ಕಡೆ ಇನ್ನೊಂದು ಇದೆ. ‘ಅಶೋಕ ಸಿದ್ದಾಪುರ, ಮೊಳಕಾಲ್ಮುರು’ ಅಂತ ಪೂರ್ತಿ ಬರೆದರೆ ಸರಿಯಾದ ಊರು ಸಿಗುತ್ತೆ. ಊರವರೂ ಹಾಗೇ ಕರೆಯೋದು.

ಹೊರಟಿದ್ದು ನಾನು ಮತ್ತು ನಮ್ಮ ಭಾವ. ಭಾವ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಸಮಾಜ ಪಾಠ ಮಾಡಿ ನಿವೃತ್ತರಾದವರು. “ಅಶೋಕ ರಸ್ತೆ ಬದಿಗೆ ಮರ ನೆಡಿಸಿದ ಅಂತ ಮೂವತ್ತು ವರ್ಷ ಹೇಳಿದೀನಿ ಕಣೋ, ಅವನ ಒಂದಕ್ಷರ ಕಣ್ಣಲ್ಲಿ ನೋಡಿಲ್ಲ” ಅಂತ ಕೊರಗುತ್ತಿದ್ದರು. ಡಿಸೆಂಬರಿನಲ್ಲಿ ನಾಲ್ಕು ದಿನ ತಿರುಗಾಟ, ವಾಪಸ್ಸಿಗೆ ಇನ್ನೊಂದು ದಿನ. ಬೆಂಗಳೂರಿನಿಂದ ಬೆಂಗಳೂರಿಗೆ ಕಾರಿನ ಮೀಟರು 1,400 ಕಿ.ಮೀ. ಹತ್ತಿರ ತೋರಿಸಿತು. ಮಾರ್ಚ್ ಮೇಲೆ ಈ ಕಡೆ ಹೋಗುವ ಯೋಚನೆ ಬೇಡ, ಬಂಡೆ ಮೇಲೆ ಕೈ ಇಡೋಕ್ಕಾಗಲ್ಲ.

ಹೋಗುವ ಮುಂಚೆ ಒಂದು ಸಂಜೆ ಕೂತು ಈ ಶಾಸನಗಳ ಲಿಪಿಯಾದ ಬ್ರಾಹ್ಮಿಯ ಹತ್ತು ಅಕ್ಷರ ಕಲಿತುಕೊಳ್ಳಿ. ಇಡೀ ಪ್ರವಾಸಕ್ಕೆ ಇದಕ್ಕಿಂತ ಮುಖ್ಯವಾದ ತಯಾರಿ ಇಲ್ಲ. ಬ್ರಾಹ್ಮಿಯ ‘ಕ’ ಅಂದರೆ ಲೆಕ್ಕದಲ್ಲಿ ಕೂಡಿಸುವ ಗುರುತು, ಅಷ್ಟೇ. ‘ರ’ ಅಂದರೆ ನೆಟ್ಟಗೊಂದು ಗೀಟು. ‘ನ’ ಅಂದರೆ ಅಡ್ಡಗೆರೆಯ ಮೇಲೆ ನಿಂತ ಗೀಟು. ‘ಗ’ ಗುಡಿಸಲ ಮಾಡಿನ ಹಾಗೆ. ‘ವ’ ಸೊನ್ನೆಯ ತಲೆಮೇಲೆ ಕಡ್ಡಿ ಸಿಕ್ಕಿಸಿದಂತೆ. ನಮ್ಮ ಕನ್ನಡ ಅಕ್ಷರಗಳು ಇದರಿಂದಲೇ ಬೆಳೆದು ಬಂದವು ಅನ್ನೋದು ಪುಸ್ತಕದಲ್ಲಿ ಗೊತ್ತಿರುತ್ತೆ, ಬಂಡೆ ಮುಂದೆ ನಿಂತು ನೋಡುವಾಗ ಆಗುವ ಖುಷಿ ಬೇರೆ. ಜೊತೆಗೆ ಆಯಾ ಶಾಸನದ ಪಾಠವನ್ನು ಕನ್ನಡ ಲಿಪಿಯಲ್ಲಿ ದೊಡ್ಡ ಅಕ್ಷರದಲ್ಲಿ ಮುದ್ರಿಸಿ ಇಟ್ಟುಕೊಳ್ಳಿ. ಇಷ್ಟಿಲ್ಲದೆ ಹೋದರೆ ಕಾಣೋದು ಕಂಬಿಬೇಲಿ, ನೀಲಿ ಬೋರ್ಡು, ಒಂದಿಷ್ಟು ಗೀರು.

ಬೆಳಗಿನ ಜಾವ ನಾಲ್ಕೂವರೆಗೆ ಬಿಟ್ಟು, ಹಿರಿಯೂರು, ಚಳ್ಳಕೆರೆ ಮೇಲೆ ಸುಮಾರು 250 ಕಿ.ಮೀ. ಹತ್ತು ಗಂಟೆಗೆ ಅಶೋಕ ಸಿದ್ದಾಪುರದಲ್ಲಿದ್ದೆವು. ಇಲ್ಲಿ ಒಂದಕ್ಕೊಂದು ಹತ್ತಿರದಲ್ಲೇ ಮೂರು ಶಾಸನ: ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ. ಮೂರನ್ನೂ 1892ರಲ್ಲಿ ಪತ್ತೆ ಮಾಡಿದವರು ಬಿ.ಎಲ್. ರೈಸ್. ಜಟಿಂಗ ರಾಮೇಶ್ವರ ಬೆಟ್ಟಕ್ಕೆ ಮೆಟ್ಟಿಲು ಹತ್ತಬೇಕು. ಮಂಡಿ ನೋವಿರುವವರಿಗೆ ನಾನಂತೂ ಹೇಳಲ್ಲ. ಭಾವ ಕೆಳಗೆ ಮರದ ನೆರಳಲ್ಲಿ ಕೂತರು, ನಾನೊಬ್ಬನೇ ಹತ್ತಿ ಬಂದೆ. ಜಟಾಯು ಬಿದ್ದ ಜಾಗ ಅನ್ನುವ ನಂಬಿಕೆಯ ಬೆಟ್ಟ ಅದು. ಶಾಸನ ತುಂಬಾ ಸವೆದಿದೆ. ಆ ಬಂಡೆಗೆ ಬಳೆಗಾರ ಗುಂಡು ಅಂತ ಹೆಸರು, ಜಾತ್ರೆಯಲ್ಲಿ ಬಳೆಗಾರರು ಅಂಗಡಿ ಹೂಡುತ್ತಿದ್ದ ಜಾಗವಂತೆ. ಚಕ್ರವರ್ತಿಯ ಆಜ್ಞೆಯ ಮೇಲೆ ಕೂತು ಬಳೆ ಮಾರಿದ್ದಾರೆ. ಅವರಿಗೇನು ಗೊತ್ತು ಪಾಪ.

ನೀವು ಬಿಡಬಾರದ್ದು ಬ್ರಹ್ಮಗಿರಿ. ದಾರಿಯಲ್ಲಿ ಕುರಿ ಕಾಯುತ್ತಿದ್ದ ಅಜ್ಜನನ್ನು ಕೇಳಿದೆವು, “ಅಕ್ಷರದ ಗುಂಡಾ? ಹಿಂಗೇ ಹೋಗ್ರಿ” ಅಂದ. ಅದಕ್ಕೆ ಹಳೆಯ ಹೆಸರೇ ಅಕ್ಷರಗುಂಡು. ಮೂರೂವರೆಗೆ ಹೋದೆವು. ಬಿಸಿಲು ಓರೆಯಾಗುತ್ತಾ ಬಂದ ಹಾಗೆ ಅಕ್ಷರದ ಒಂದು ಅಂಚಿಗೆ ನೆರಳು ಕಟ್ಟಿಕೊಂಡು, ಆಗ ತಾನೇ ಯಾರೋ ಸೀಸದಲ್ಲಿ ತಿದ್ದಿದಂತೆ ಎದ್ದು ಬಂದವು. ಭಾವ ಹಾಳೆ ಹಿಡಿದು ಓದಿದರು: “ಸುವಂಣಗಿರೀತೇ ಅಯಪುತಸ ಮಹಾಮಾತಾಣಂ ಚ ವಚನೇನ ಇಸಿಲಸಿ ಮಹಾಮಾತಾ ಆರೋಗಿಯಂ ವತವಿಯಾ...” ಸುವರ್ಣಗಿರಿಯಿಂದ ಆರ್ಯಪುತ್ರನೂ (ರಾಜಕುಮಾರ) ಮಹಾಮಾತ್ರರೂ (ಹಿರಿಯ ಅಧಿಕಾರಿಗಳು) ಹೇಳುವುದೇನೆಂದರೆ, ಇಸಿಲದ ಮಹಾಮಾತ್ರರ ಆರೋಗ್ಯ ವಿಚಾರಿಸಬೇಕು. “ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯಿರಿ ಅಂತ ನಾವು ಕಾಗದ ಶುರು ಮಾಡ್ತಿರಲಿಲ್ವೇನೋ, ಅದೇ ಇದು!” ಅಂದರು ಭಾವ. ಆಮೇಲೆ ವಿಷಯ. ಎರಡೂವರೆ ವರ್ಷದಿಂದ ಬುದ್ಧನ ಉಪಾಸಕನಾಗಿದ್ದೇನೆ, ಮೊದಲ ಒಂದು ವರ್ಷ ಅಷ್ಟೇನೂ ಶ್ರಮ ಹಾಕಲಿಲ್ಲ ಅಂತ ರಾಜ ತಾನೇ ಒಪ್ಪಿಕೊಳ್ಳುತ್ತಾನೆ. ಶ್ರಮ ಹಾಕಿದರೆ ದೊಡ್ಡವರಿಗಷ್ಟೇ ಅಲ್ಲ, ಸಣ್ಣವರಿಗೂ ಸ್ವರ್ಗ ಸಾಧ್ಯ ಅನ್ನುತ್ತಾನೆ. ತಂದೆತಾಯಿ ಮಾತು ಕೇಳಿ, ನಿಜ ಹೇಳಿ, ಗುರುವಿಗೆ ಗೌರವ ಕೊಡಿ ಅಂತ ಮುಂದುವರಿಯುತ್ತೆ.

ಇಸಿಲ ಅಂದರೆ ಇದೇ ಊರಿನ ಆಸುಪಾಸು ಅಂತ ವಿದ್ವಾಂಸರ ಲೆಕ್ಕ. ಡಿ.ಎಲ್. ನರಸಿಂಹಾಚಾರ್ ಅದು ಬಾಣ ಬಿಡುವ ಅರ್ಥದ ಕನ್ನಡ ಮಾತು ಅಂತ ವಾದಿಸಿದ್ದರು. ಒಪ್ಪುವವರೂ ಇದ್ದಾರೆ, ಒಪ್ಪದವರೂ ಇದ್ದಾರೆ. ನನಗೆ ಅದಕ್ಕಿಂತ ಮನಸ್ಸಿಗೆ ಹತ್ತಿದ್ದು ಕೊನೆಯ ಸಾಲು. ಬರೆದವನು ಚಪಡ ಅಂತ ಹೆಸರು ಹಾಕಿಕೊಂಡಿದ್ದಾನೆ. ‘ಲಿಪಿಕರೇಣ’ (ಲಿಪಿಕಾರನಿಂದ) ಅನ್ನುವ ಮಾತನ್ನು ಮಾತ್ರ ಬ್ರಾಹ್ಮಿಯಲ್ಲಿ ಬರೆಯದೆ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ. ಖರೋಷ್ಠಿ ಇವತ್ತಿನ ಪಾಕಿಸ್ತಾನ, ಅಫ್ಘಾನಿಸ್ತಾನದ ಕಡೆ ನಡೆಯುತ್ತಿದ್ದ ಲಿಪಿ. ಆ ಕಡೆಯವನೋ, ಆ ಕಡೆ ಕೆಲಸ ಕಲಿತವನೋ, ಮೊಳಕಾಲ್ಮುರಿನ ಬಂಡೆಗೆ ಬಂದು ಸಹಿ ಹಾಕಿ ಹೋಗಿದ್ದಾನೆ. ಅದೇ ರಾಜನ ಮಾತು ಕಂದಹಾರದಲ್ಲಿ ಗ್ರೀಕ್ ಮತ್ತು ಅರಮೇಯಿಕ್ ಭಾಷೆಯಲ್ಲಿದೆ. ಇಲ್ಲಿ ಮಾತ್ರ ಊರ ಜನರ ಭಾಷೆಯಲ್ಲಿಲ್ಲ, ಪ್ರಾಕೃತದಲ್ಲಿದೆ. ಅಧಿಕಾರಿಗಳು ಓದಿ, ಬಿಡಿಸಿ ಹೇಳಿರಬೇಕು. ಆ ಅಕ್ಷರಗಳನ್ನು ಹುಡುಕೋಕೆ ನಮಗೆ ಇಪ್ಪತ್ತು ನಿಮಿಷ ಹಿಡಿಯಿತು. ಸಿದ್ದಾಪುರದ ಬಂಡೆಯ ಮೇಲೂ ಅವನದೇ ಹೆಸರಿದೆ, ಕತ್ತಲಾಗುವುದರೊಳಗೆ ಅದನ್ನೂ ನೋಡಿ ಬಳ್ಳಾರಿ ಸೇರಿದೆವು.

ಮಾರನೇ ದಿನ ಬೆಳಗ್ಗೆ ಆರಕ್ಕೇ ಗುಂತಕಲ್ಲು ದಾರಿ. ಆಂಧ್ರದ ಎರ್ರಗುಡಿ, ಗುತ್ತಿಯಿಂದ ಪತ್ತಿಕೊಂಡಕ್ಕೆ ಹೋಗುವ ರಸ್ತೆಯಲ್ಲಿ ಸಿಗುತ್ತೆ. ಕರ್ನಾಟಕದ ಶಾಸನ ನೋಡೋಕೆ ಹೊರಟವರು ಗಡಿ ಯಾಕೆ ದಾಟಬೇಕು ಅನ್ನಬೇಡಿ. ಕರ್ನಾಟಕದ ಬಂಡೆಗಳ ಮೇಲಿರುವುದೆಲ್ಲ ಕಿರು ಶಾಸನಗಳು. ಅಶೋಕ ಬೇರೆ ಬೇರೆ ಕಡೆ ಒಂದೇ ಸಾಲಾಗಿ ಬರೆಸಿದ ಹದಿನಾಲ್ಕೂ ದೊಡ್ಡ ಶಾಸನಗಳು ಒಟ್ಟಿಗೆ ಹತ್ತಿರದಲ್ಲಿ ಸಿಗೋದು ಎರ್ರಗುಡಿಯಲ್ಲೇ. 1929ರಲ್ಲಿ ಇದನ್ನು ಕಂಡವರು ಅನು ಘೋಷ್ ಅನ್ನುವ ಭೂವಿಜ್ಞಾನಿ. ಇಲ್ಲಿನ ಕಿರು ಶಾಸನದಲ್ಲೊಂದು ವಿಚಿತ್ರ ಇದೆ. ಕೆಲವು ಸಾಲು ಎಡದಿಂದ ಬಲಕ್ಕೆ, ಕೆಲವು ಬಲದಿಂದ ಎಡಕ್ಕೆ. ನೇಗಿಲು ಕಟ್ಟಿದ ಎತ್ತು ಸಾಲಿನ ತುದಿಗೆ ಹೋಗಿ ತಿರುಗಿ ಬಂದ ಹಾಗೆ. ನಾವು ಮೊದಲು ನಮ್ಮ ಹಾಳೆಯೇ ತಪ್ಪು ಅಂದುಕೊಂಡು ಹತ್ತು ನಿಮಿಷ ಜಗಳವಾಡಿದೆವು.

ಹದಿಮೂರನೆಯ ಶಾಸನದ ಪಾಠವನ್ನು ಭಾವ ಅಲ್ಲೇ ನಿಂತು ಜೋರಾಗಿ ಓದಿದರು. ಕಳಿಂಗದಿಂದ ಒಂದೂವರೆ ಲಕ್ಷ ಜನರನ್ನು ಸಾಗಿಸಿದೆ, ಒಂದು ಲಕ್ಷ ಸತ್ತರು, ಇನ್ನೂ ಎಷ್ಟೋ ಪಟ್ಟು ಜನ ಅಳಿದರು ಅಂತ ಗೆದ್ದವನೇ ಲೆಕ್ಕ ಒಪ್ಪಿಸುವ ಶಾಸನ ಅದು. ಅದರಲ್ಲೇ ಐದು ಯವನ, ಅಂದರೆ ಗ್ರೀಕ್, ರಾಜರ ಹೆಸರು ಬರುತ್ತೆ: ಅಂತಿಯೋಕ, ತುರಮಾಯ, ಅಂತಿಕಿನಿ, ಮಕ, ಅಲಿಕಸುದರ. ಅಂತಿಯೋಕ ಸಿರಿಯಾದ ಎರಡನೇ ಆಂಟಿಯೋಕಸ್, ತುರಮಾಯ ಈಜಿಪ್ಟಿನ ಎರಡನೇ ಟಾಲೆಮಿ, ಅಂತಿಕಿನಿ ಮ್ಯಾಸಿಡೋನಿಯಾದ ಆಂಟಿಗೊನಸ್, ಮಕ ಸೈರೀನಿನ ಮೇಗಸ್. ಕೊನೆಯವನು ಎಪೈರಸ್‌ನವನೋ ಕೊರಿಂಥ್‌ನವನೋ ಅಂತ ಇನ್ನೂ ಚರ್ಚೆ ಇದೆ. ಅಶೋಕನ ಕಾಲ ಗೊತ್ತಾಗಿದ್ದೇ ಈ ಐದು ಹೆಸರಿನಿಂದ. ಐವರೂ ಏಕಕಾಲಕ್ಕೆ ಬದುಕಿದ್ದ ವರ್ಷಗಳು ಗ್ರೀಕರ ಲೆಕ್ಕದಲ್ಲಿ ಸಿಗುತ್ತವೆ, ಅವು ಕ್ರಿ.ಪೂ. 250ರ ದಶಕದ ಹತ್ತಿರಕ್ಕೆ ಬರುತ್ತವೆ. ಅದೇ ಹೊತ್ತಿಗೆ ರೋಮ್ ಮತ್ತು ಕಾರ್ತೇಜು ಸಿಸಿಲಿ ದ್ವೀಪಕ್ಕಾಗಿ ಕ್ರಿ.ಪೂ. 264ರಿಂದ 241ರವರೆಗೆ ಹೊಡೆದಾಡುತ್ತಿದ್ದವು. ಚೀನಾ ಇನ್ನೂ ಒಂದಾಗಿರಲಿಲ್ಲ, ಅದಕ್ಕೆ ಕ್ರಿ.ಪೂ. 221 ಆಗಬೇಕಿತ್ತು. “ಪಾಠದಲ್ಲಿ ರೋಮು ಒಂದು ಅಧ್ಯಾಯ, ಮೌರ್ಯರು ಇನ್ನೊಂದು ಅಧ್ಯಾಯ. ಎರಡೂ ಒಂದೇ ದಿನ ನಡೀತಿತ್ತು ಅಂತ ನಾನೇ ಹೇಳಿಕೊಡಲಿಲ್ಲ ನೋಡು” ಅಂದರು ಭಾವ. ಸುತ್ತ ಕಡಲೆ ಹೊಲ. ದೂರದಲ್ಲಿ ಯಾರೋ ಟ್ರ್ಯಾಕ್ಟರು ಓಡಿಸುತ್ತಿದ್ದರು.

ತಿರುಗಿ ಬಳ್ಳಾರಿಗೆ ಬಂದು ಹೊಸಪೇಟೆ ಮೇಲೆ ಕೊಪ್ಪಳ. ಇಲ್ಲಿ ನಾವು ಮಾಡಿದ ತಪ್ಪು ನೀವು ಮಾಡಬೇಡಿ. ಗವಿಮಠದ ಶಾಸನದ ಹತ್ತಿರ ಎರಡು ಗಂಟೆಗೆ ಹೋಗಿ ನಿಂತೆವು. ಮಠದ ಮೇಲಿನ ಬೆಟ್ಟದಲ್ಲಿ, ಚಾಚಿದ ಬಂಡೆಯ ಕೆಳಗಿರುವ ಶಾಸನ ಅದು. ಮಟಮಟ ಮಧ್ಯಾಹ್ನದ ಬೆಳಕಲ್ಲಿ ಅಕ್ಷರವೇ ಇಲ್ಲವೇನೋ ಅನ್ನಿಸಿತು. ಕೆಳಗಿಳಿದು, ಪೇಟೆಯಲ್ಲಿ ಒಗ್ಗರಣೆ ಮಂಡಕ್ಕಿ, ಮಿರ್ಚಿ ತಿಂದು, ನಾಲ್ಕೂವರೆಗೆ ಮತ್ತೆ ಹತ್ತಿದೆವು. ಚೀಲದಲ್ಲಿ ಒಂದು ಚಿಕ್ಕ ಟಾರ್ಚು ಇರಲಿ. ಬಂಡೆಗೆ ಎದುರಾಗಿ ಬಿಡಬೇಡಿ, ಪಕ್ಕದಿಂದ ಸವರಿದ ಹಾಗೆ ಬೆಳಕು ಬಿಟ್ಟರೆ ಅಕ್ಷರ ಏಳುತ್ತವೆ. ಸುಣ್ಣ, ಚಾಕು, ನೀರು ಯಾವುದೂ ಬೇಡ. ಯಾರೋ ಮಹಾನುಭಾವರು ಹಿಂದೆ ಮಾಡಿದ್ದಾರೆ ಅಂತ ನೀವೂ ಕೈ ಹಾಕಬೇಡಿ. ಗವಿಸಿದ್ಧೇಶ್ವರ ಜಾತ್ರೆಯ ದಿನಗಳನ್ನೂ ತಪ್ಪಿಸಿ. ಜಾತ್ರೆ ನೋಡೋಕೆ ಚೆನ್ನ, ಶಾಸನ ಓದೋಕಲ್ಲ.

ಪಾಲ್ಕಿಗುಂಡು ಬೆಳಗ್ಗೆ ನೋಡಿದೆವು. ಎರಡು ಗುಂಡಿನ ಮೇಲೆ ಚಪ್ಪಡಿ ಕೂತು ಥೇಟ್ ಪಲ್ಲಕ್ಕಿ. ಶಾಸನ ಸವೆದಿದೆ, ಹತ್ತೋದು ಕಷ್ಟ. ಕೆಳಗಿಂದ ಪಲ್ಲಕ್ಕಿ ನೋಡಿದರೂ ಬಂದಿದ್ದಕ್ಕೆ ಮೋಸವಿಲ್ಲ. ಗವಿಮಠ, ಪಾಲ್ಕಿಗುಂಡು ಎರಡೂ ಹೊರಜಗತ್ತಿಗೆ ತಿಳಿದದ್ದು 1931ರಲ್ಲಿ.

ಗಂಗಾವತಿ, ಸಿಂಧನೂರು ಮೇಲೆ ಮಸ್ಕಿ. ದಾರಿಯುದ್ದಕ್ಕೂ ಭತ್ತದ ಗದ್ದೆ. ಮಸ್ಕಿಯ ಕಥೆ ಎಲ್ಲರಿಗೂ ಸ್ವಲ್ಪ ಗೊತ್ತು. ಜೇಮ್ಸ್ ಪ್ರಿನ್ಸೆಪ್ 1837ರಲ್ಲಿ ಬ್ರಾಹ್ಮಿ ಓದಿದಾಗ ಎಲ್ಲ ಕಡೆ ಸಿಕ್ಕಿದ್ದು ‘ದೇವಾನಂಪಿಯ ಪಿಯದಸಿ’, ಅಂದರೆ ದೇವರಿಗೆ ಪ್ರಿಯನಾದ ಪ್ರಿಯದರ್ಶಿ. ಅವನೇ ಅಶೋಕ ಅಂತ ಸಿಂಹಳದ ಗ್ರಂಥಗಳ ಆಧಾರದ ಮೇಲೆ ಹೇಳುತ್ತಿದ್ದರು, ಕಲ್ಲಿನ ಮೇಲೆ ಹೆಸರಿರಲಿಲ್ಲ. 1915ರಲ್ಲಿ ಚಿನ್ನದ ಅದಿರು ಹುಡುಕುತ್ತಿದ್ದ ಬೀಡನ್ ಅನ್ನುವ ಎಂಜಿನಿಯರ್ ಕಣ್ಣಿಗೆ ಇಲ್ಲಿನ ಬಂಡೆ ಬಿತ್ತು. ಮೊದಲ ಸಾಲಿನಲ್ಲೇ ‘ದೇವಾನಂಪಿಯಸ ಅಸೋಕಸ’. ನಾಲ್ಕೇ ಅಕ್ಷರ, ಅ-ಸೋ-ಕ-ಸ. ನಡುವೆ ಆ ಕೂಡಿಸುವ ಗುರುತು ನೋಡಿದರೆ ಉಳಿದವನ್ನು ಹಿಡಿಯಬಹುದು. ನಾನು ಹಾಳೆ ನೋಡದೆ ಓದಿದೆ, ಭಾವ ಶಿಷ್ಯನ ಬೆನ್ನು ತಟ್ಟುವ ಹಾಗೆ ತಟ್ಟಿದರು. ಚಿನ್ನ ಹುಡುಕುವವನಿಗೆ ಇದು ಸಿಕ್ಕಿದ್ದು ಬರೀ ಆಕಸ್ಮಿಕ ಅಲ್ಲ ಅಂತ ನನ್ನ ಅನಿಸಿಕೆ. ಹಟ್ಟಿ ಚಿನ್ನದ ಗಣಿ ಇಲ್ಲಿಂದ ದೂರವಿಲ್ಲ, ಈ ಸೀಮೆಯಲ್ಲಿ ಬಲು ಹಳೆಯ ಗಣಿಗುಂಡಿಗಳಿವೆ, ಮೌರ್ಯರ ದಕ್ಷಿಣದ ರಾಜಧಾನಿಯ ಹೆಸರೇ ಸುವರ್ಣಗಿರಿ.

ಕೀಲಿಯ ವಿಷಯ ಮರೆತಿದ್ದೆ. ಕೆಲವು ಕಡೆ ಬೇಲಿಗೆ ಬೀಗ ಇರುತ್ತೆ. ಒಂದು ಕಡೆ ಕಾವಲುಗಾರರು ನೆಂಟರ ಮದುವೆಗೆ ಹೋಗಿದ್ದರು, ಎರಡು ಗಂಟೆ ಕಾದೆವು. ಹಿಂದಿನ ದಿನವೇ ಊರಿಗೆ ಬಂದು ಚಹಾದಂಗಡಿಯಲ್ಲಿ “ಶಾಸನದ ಕೀಲಿ ಯಾರ ಕಡೆ ಐತ್ರಿ?” ಅಂತ ಕೇಳಿಟ್ಟುಕೊಳ್ಳಿ.

ಲಿಂಗಸುಗೂರಿನ ಖಾನಾವಳಿಯಲ್ಲಿ ರೊಟ್ಟಿ, ಎಣ್ಣೆಗಾಯಿ, ಅಲ್ಲೇ ರಾತ್ರಿ. ನಾಲ್ಕನೇ ದಿನ ಶಹಾಪುರ. ಊರ ಹತ್ತಿರ ಗುಡ್ಡದ ಸಾಲು ಮಲಗಿದ ಬುದ್ಧನ ಹಾಗೆ ಕಾಣುತ್ತೆ, ಗಾಡಿ ನಿಲ್ಲಿಸಿ ನೋಡಿ. ಅಲ್ಲಿಂದ ಭೀಮಾ ದಾಟಿ ಸನ್ನತಿ. ರೈಲಲ್ಲಿ ಬರುವವರಿಗೆ ನಾಲವಾರ ಹತ್ತಿರದ ನಿಲ್ದಾಣ.

ಸನ್ನತಿಯಲ್ಲಿ ಚಂದ್ರಲಾಂಬಾ ಗುಡಿಯ ಆವರಣದ ಕಾಳಿ ಗುಡಿ ಮಾಳಿಗೆ 1986ರಲ್ಲಿ ಕುಸಿಯಿತು. ಆಗ ದೇವಿಯ ಪೀಠವಾಗಿದ್ದ ಚಪ್ಪಡಿ ಅಶೋಕನ ಶಾಸನ ಅಂತ ಗೊತ್ತಾಯಿತು. ವಿಗ್ರಹ ಕೂರಿಸಲು ನಡುವೆ ತೂತು ಕೊರೆದಿದ್ದರಿಂದ ಅಷ್ಟು ಅಕ್ಷರ ಹೋಗಿವೆ. ಹನ್ನೆರಡು ಮತ್ತು ಹದಿನಾಲ್ಕನೆಯ ಶಾಸನ ಇದೆ, ಕಳಿಂಗದ ಹದಿಮೂರನೆಯದು ಇಲ್ಲ. ಜೊತೆಗಿರುವ, ಹದಿನಾಲ್ಕರ ಸಾಲಿಗೆ ಸೇರದ ಎರಡು ‘ಪ್ರತ್ಯೇಕ ಶಾಸನಗಳು’ ಅಲ್ಲಿಯವರೆಗೆ ಒಡಿಶಾದ ಧೌಲಿ, ಜೌಗಡದಲ್ಲಿ ಮಾತ್ರ ಸಿಕ್ಕಿದ್ದವು. ಎಲ್ಲ ಮನುಷ್ಯರೂ ನನ್ನ ಮಕ್ಕಳು ಅನ್ನುವ ಮಾತು ಅದರಲ್ಲೇ ಬರೋದು. ಆದರೆ ಮುಂದೆ ಓದಿದರೆ ಅದು ಅಧಿಕಾರಿಗಳಿಗೆ ಹೊರಡಿಸಿದ ಸುತ್ತೋಲೆ. ಜನರನ್ನು ಕಾರಣವಿಲ್ಲದೆ ಸೆರೆಗೆ ಹಾಕಬೇಡಿ, ಸೋಮಾರಿತನ, ಸಿಟ್ಟು, ಅವಸರ ಬಿಡಿ ಅಂತ. ನನ್ನದೂ ಸರ್ಕಾರಿ ನೌಕರಿಯೇ ಆದ್ದರಿಂದ ಸುಮ್ಮನೆ ಕೇಳಿಸಿಕೊಂಡೆ.

ಪಕ್ಕದ ಕನಗನಹಳ್ಳಿಗೆ ಕನಿಷ್ಠ ಎರಡು ಗಂಟೆ ಇಡಿ. 1994ರಿಂದ ನಡೆದ ಉತ್ಖನನದಲ್ಲಿ ಸಿಕ್ಕ ದೊಡ್ಡ ಸ್ತೂಪ ಅದು, ಸುತ್ತುಗಟ್ಟಿನ ಚಪ್ಪಡಿಗಳ ಮೇಲೆ ಶಾತವಾಹನ ರಾಜರೂ ಇದ್ದಾರೆ. ಯಾವ ಚಪ್ಪಡಿ ನೋಡಲು ಸಿಗುತ್ತೆ ಅಂತ ಮೊದಲೇ ವಿಚಾರಿಸಿಕೊಳ್ಳಿ. ಮುಖ್ಯವಾದದ್ದು ರಾಜ, ರಾಣಿ, ಚಾಮರ ಹಿಡಿದ ಹೆಂಗಸರು ಇರುವ ಒಂದು ಫಲಕ. ಅದರ ಮೇಲೆ ಬ್ರಾಹ್ಮಿಯಲ್ಲಿ ‘ರಾಯೋ ಅಸೋಕೋ’, ರಾಜ ಅಶೋಕ. ಈ ಸಲ ಭಾವ ಹಾಳೆಯನ್ನು ಚೀಲದಿಂದ ತೆಗೆಯಲೇ ಇಲ್ಲ.

ಒಂದೇ ದಿನ ಬಿಡುವಿದ್ದರೆ ಸಿದ್ದಾಪುರ, ಬ್ರಹ್ಮಗಿರಿ ಸಾಕು. ಕಾರಿಲ್ಲದವರು ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ಕೊಪ್ಪಳಕ್ಕೆ ಇಳಿದು ಆಟೋ ಹಿಡಿಯಬಹುದು. ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉಡೇಗೋಳಂ ನಮಗೆ ಬಾಕಿ ಉಳಿದವು. ಅಲ್ಲೂ ಅಶೋಕನ ಹೆಸರು ಇದೆ. ಯಾರಾದರೂ ಇತ್ತೀಚೆಗೆ ಹೋಗಿದ್ದರೆ ರಸ್ತೆ ಹೇಗಿದೆ, ಕೀಲಿ ಯಾರ ಹತ್ತಿರ ಇದೆ ತಿಳಿಸಿ. ಸಂಕ್ರಾಂತಿ ಆದ ಮೇಲೆ ಹೋಗೋಣ ಅಂತ ಭಾವ ಈಗಾಗಲೇ ಎರಡು ಸಲ ಫೋನ್ ಮಾಡಿದ್ದಾರೆ.