ಹರಿಗೋಲಿನ ಬಲ ಹೆಣಿಗೆಯಲ್ಲಿದೆ

ಆನೆಗೊಂದಿಯ ತುಂಗಭದ್ರೆಯ ದಡದಲ್ಲಿ ಅಂದಿನ ಕೆಲಸ ಬಿಸಿಲೇರುವ ಮುಂಚೆಯೇ ಶುರುವಾಯಿತು. ಬಿದಿರಿನ ಸೀಳು ಒಣಗಿ ಬಿರುಸಾಗುವಷ್ಟರಲ್ಲಿ ಹರಿಗೋಲಿನ ತಳವೂ ಗೋಡೆಯೂ ಮುಗಿಯಬೇಕು. ಒಬ್ಬರು ಸೀಳಲು, ಇಬ್ಬರು ಹೆಣೆಯಲು ಕೂತೆವು.

ಬಾಯಿ 7 ಅಡಿ, ಆಳ 2 ಅಡಿ ಇರಬೇಕಾದರೆ ಸೀಳು 13 ಅಡಿಗೆ ಕಡಿಮೆಯಾಗಬಾರದು. ತಳದಲ್ಲಿ ಹಾಸಿ, ಎರಡೂ ಕಡೆ ಮೇಲೆದ್ದು, ಅಂಚಿನಲ್ಲಿ ಮಡಚಿ ಸಿಕ್ಕಿಸಲು ಒಂದೊಂದು ಅಡಿ ಉಳಿಯಬೇಕಲ್ಲ. ಅಗಲ ಸುಮಾರು ಒಂದು ಅಂಗುಲ. ಒಳಗಿನ ಮೆತ್ತನೆಯ ಭಾಗವನ್ನು ಹೆರೆದು ತೆಗೆದು, ಸಿಪ್ಪೆಯ ಕಡೆ ಮಾತ್ರ ಉಳಿಸಿಕೊಳ್ಳುತ್ತೇವೆ. ಗಟ್ಟಿ ನಾರು ಒತ್ತಾಗಿರುವುದು ಅಲ್ಲೇ. ಬಾಗಿಸಿದಾಗ ಹೊರಮೈ ಹಿಗ್ಗುವುದರಿಂದ ಸಿಪ್ಪೆ ಹೊರಕ್ಕೇ ಇರಬೇಕು. ತಿರುಗಿಸಿ ಹಾಕಿದರೆ ತಿರುವಿನಲ್ಲೇ ಎಳೆ ಬಿಡುತ್ತದೆ.

ಬೇಸರದ ಕೆಲಸವೆಂದರೆ ಗೆಣ್ಣು ಹೆರೆಯುವುದು. ಆದರೆ ಹರಿಗೋಲು ಸೋರುವುದು ಹೆಚ್ಚಾಗಿ ಇಲ್ಲಿಂದಲೇ. ಬುಟ್ಟಿಯ ಹೊರಗೆ ಹೊದಿಸುವ ಚೀಲವನ್ನು ಹೊರಗಿನ ಬಂಡೆ ಹರಿದುಹಾಕುವುದಕ್ಕಿಂತ ಮೊದಲು ಒಳಗಿನ ಗೆಣ್ಣೇ ಉಜ್ಜಿ ತೂತು ಮಾಡುತ್ತದೆ. ಕೈಯಾಡಿಸಿದಾಗ ಎಲ್ಲೂ ತಡೆಯಬಾರದು, ಅಷ್ಟು ನಯ ಬೇಕು.

ಸೀಳುಗಳನ್ನು ಜೋಡಿಜೋಡಿಯಾಗಿ ಅಡ್ಡ, ಉದ್ದ, ಓರೆ ಹಾಸಿ ನಡುವನ್ನು ಹೆಣೆದ ಮೇಲೆ ಅದರ ಮೇಲೆ ಹೊಳೆಗಲ್ಲು ಹೇರುತ್ತೇವೆ. ಭಾರ ಕಡಿಮೆಯಾದರೆ ತುದಿ ಎತ್ತುವಾಗ ತಳ ಉಬ್ಬುತ್ತದೆ. ಉಬ್ಬಿದ ತಳದ ಹರಿಗೋಲು ನೀರಿನಲ್ಲಿ ಓಲಾಡುತ್ತದೆ. ತುದಿಗಳನ್ನು ಒಮ್ಮೆಲೇ ಎತ್ತದೆ, ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಎತ್ತುತ್ತ ಸುತ್ತಲೂ ಅಡ್ಡಸೀಳು ಹೆಣೆಯಬೇಕು. ಅಂಚಿಗೆ ನಾಲ್ಕೈದು ಸೀಳಿನ ಕಟ್ಟನ್ನು ಬಳೆಯಂತೆ ಸುತ್ತಿ ಬಿಗಿಯುತ್ತೇವೆ. ಮೊಳೆ ಎಲ್ಲಿಯೂ ಇಲ್ಲ. ಬಂಡೆಗೆ ತಾಗಿದಾಗ ಸೀಳುಗಳು ಒಂದರ ಮೇಲೊಂದು ಜಾರಿ ಪೆಟ್ಟನ್ನು ಹಂಚಿಕೊಳ್ಳಬೇಕು. ಮೊಳೆ ಹೊಡೆದರೆ ಪೆಟ್ಟೆಲ್ಲ ಆ ಒಂದು ತೂತಿಗೇ ಬೀಳುತ್ತದೆ. ಗ್ರೀನ್‌ಲ್ಯಾಂಡಿನ ಇನ್ಯುಯಿಟ್ ಜನ ಸೀಲ್ ಚರ್ಮ ಹೊದಿಸುತ್ತಿದ್ದ ಕಯಾಕಿನ ಪಕ್ಕೆಲುಬುಗಳನ್ನೂ ಹೀಗೇ ಕಟ್ಟಿ ನಿಲ್ಲಿಸುತ್ತಿದ್ದರು. ಎಷ್ಟೋ ದೂರದ ಆ ಕೈಗಳೂ ಇದೇ ದಾರಿ ಹಿಡಿದವು ಎನ್ನುವುದು ನನಗೆ ಬಹಳ ಪ್ರೀತಿಯ ಸಂಗತಿ.

1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸ್ ಇಲ್ಲಿ ಕಂಡದ್ದು ಬುಟ್ಟಿಯಂಥ, ಹೊರಗೆ ಚರ್ಮ ಹೊದಿಸಿದ ದೋಣಿಗಳನ್ನು. ಹದಿನೈದು ಇಪ್ಪತ್ತು ಜನ ಹಿಡಿಸುತ್ತಾರೆ, ದೋಣಿ ಸುತ್ತುತ್ತಲೇ ಇರುತ್ತದೆ ಎಂದು ಬರೆದಿದ್ದಾನೆ. ಈಗ ಚರ್ಮದ ಜಾಗದಲ್ಲಿ ಪ್ಲಾಸ್ಟಿಕ್ ಗೊಬ್ಬರದ ಚೀಲ ಅಥವಾ ತಾಡಪತ್ರಿ, ಮೇಲೆ ಡಾಂಬರು. ಚರ್ಮವಾದರೆ ನೀರಲ್ಲೇ ಬಿಟ್ಟರೆ ಕೊಳೆಯುತ್ತಿತ್ತು, ಆಗಾಗ ಒಣಗಿಸಬೇಕಿತ್ತು. ಡಾಂಬರಿನ ತೊಂದರೆ ಬೇರೆ: ತೀರಾ ಕಾದಿದ್ದರೆ ಚೀಲವೇ ಸುರುಟುತ್ತದೆ, ಆರಿದ್ದರೆ ಗಂಟುಗಟ್ಟಿ ಹಿಡಿಯುವುದಿಲ್ಲ. ಒಂದು ತುಂಡು ಚೀಲದ ಮೇಲೆ ಬಳಿದು ನೋಡಿಯೇ ಮುಂದುವರಿಯಬೇಕು. ಚೀಲ ಒಂದರ ಮೇಲೊಂದು ಒಂದು ಗೇಣಾದರೂ ಹತ್ತಲಿ, ನೀರು, ದೂಳು ಇರದಿರಲಿ.

ಮಾರನೆಯ ದಿನ ಒಳಗೆ ಕಲ್ಲು ಹೇರಿ ದಡದ ಬಳಿ ತೇಲಬಿಟ್ಟು, ಒಳಮೈಯಲ್ಲಿ ಎಲ್ಲಿ ಒದ್ದೆ ಕಾಣುತ್ತದೋ ಅಲ್ಲಿ ಸುಣ್ಣದ ಗುರುತು ಹಾಕಿದೆವು. ತೇಪೆ ಹಾಕುವುದು ಪೂರ್ತಿ ಒಣಗಿದ ಮೇಲೆಯೇ. ದಡದ ಮೇಲೆ ಹರಿಗೋಲನ್ನು ಎಳೆಯಬಾರದು. ಬೋರಲಾಗಿ ತಲೆಯ ಮೇಲೆ ಹೊತ್ತು ತಂದು, ನೆರಳಲ್ಲಿ ಕವುಚಿ ಇಡಬೇಕು. ಬಿಸಿಲಿಗೆ ಬಿಟ್ಟರೆ ಡಾಂಬರು ಕರಗಿ ಇಳಿದು ತೆಳುವಾಗುತ್ತದೆ.